ನಾನೇ ಅರೆದ ಭಂಗಿ

ನಮ್ಮ ಯಜಮಾನರ ಮೈಮೇಲೆ ಊರಿನ ಭೂತ ಬರ್ತಿತ್ತು. ಅರವತ್ತರ ದಶಕದ ಮಾತು, ಹೊಸನಗರದ ಕಡೆ ಆಗ ಅದು ಮಾಮೂಲು. ವರ್ಷಕ್ಕೊಂದು ದರ್ಶನ, ಊರವರ ಎದುರು ಭೂತ ಬರಿಸೋದು. ಆವತ್ತು ಬೆಳಿಗ್ಗೆ ಪಾತ್ರಿ, ಅಂದರೆ ಭೂತ ಮೈಮೇಲೆ ಬರೋರು, ಅಮಲೇರಿಸೋ ಭಂಗಿ ಸೊಪ್ಪಿನ ರಸ ಕುಡೀಬೇಕು, ಅದನ್ನ ಪಾತ್ರಿಯ ಹೆಂಡತಿಯೇ ಮಡಿಯಲ್ಲಿ ಅರೀಬೇಕು ಅಂತ ನಮ್ಮೂರಿನ ಕಟ್ಟು. ನಾನು ಹೆಮ್ಮೆಯಿಂದಲೇ ಅರೆದೆ, ಸುಳ್ಳು ಯಾಕೆ ಹೇಳಲಿ.

ಮೊದಮೊದಲು ಆ ಒಂದು ದಿನ. ಆಮೇಲೆ ಅಮಾವಾಸ್ಯೆ, ಹುಣ್ಣಿಮೆ. ಮೂರನೇ ವರ್ಷಕ್ಕೆ ಮುಖ ತೊಳೆಯೋ ಮೊದಲೇ 'ಎಂತ, ಅರೆದಾಯ್ತನೇ?' ಅಂತ ಬಂದು ನಿಲ್ಲೋರು. ಕುಡಿದರೆ ಹಿಡಿಯೋರಿಲ್ಲ. ಗೋಡೆಯೊಳಗಿಂದ ಯಾರೋ ಕರೀತಾರೆ ಅನ್ನೋರು, ನಗೋರು. ನೆಟ್ಟಗಿದ್ದ ಬೇಲಿಯನ್ನೆಲ್ಲ ಕಿತ್ತು ಮತ್ತೆ ಕಟ್ಟಿದರು. ಹೀಗೇ ಕೆಲವು ದಿನ. ಆಮೇಲೆ ಮುಸುಕೆಳೆದು ಮಲಗಿದರೆ ಗಂಜಿ ಬೇಡ, ಸ್ನಾನ ಬೇಡ, ಭಂಗಿಯೂ ಬೇಡ. ಕಣ್ಣಲ್ಲಿ ನೀರು ಸುಮ್ಮನೆ ಸುರೀತಿತ್ತು. ನಾನಂತೂ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ನೀರು ಸೇದೋಕೆ ಹೋದವಳು ಕೊಡ ಬಿಟ್ಟು ಓಡಿಬಂದು, ಉಸಿರಾಡ್ತಿದಾರಾ ಅಂತ ನೋಡ್ತಿದ್ದೆ.

ಭೂತ ಮುನಿದಿದೆ, ಇನ್ನೊಂದು ದರ್ಶನ ಮಾಡಿಸಿ ಅಂದರು ಊರಿನವರು. ಇನ್ನೊಂದು ದರ್ಶನ ಅಂದರೆ ಇನ್ನೊಂದು ಬಟ್ಟಲು ಭಂಗಿ! ಕುಡಿದ ಮೇಲೆ ಎದ್ದು ಕುಣಿಯೋರು. 'ನೋಡಿದ್ಯಾ, ಒಲಿದ!' ಅಂತ ಮಾವ ಬೀಗೋರು. ನಾನೂ ನಂಬಿದೆ ಮಾರಾಯ್ತಿ. ನನ್ನಂಥ ಪೆದ್ದಿ ಇರಲಿಕ್ಕಿಲ್ಲ.

ಒಂದು ಸಂಜೆ ಯಜಮಾನರು, 'ಬದುಕಿ ಎಂತ ಮಾಡೋದು?' ಅಂದರು. ಮರುದಿನವೇ ತವರಿಗೆ ಅಂತ ಸುಳ್ಳು ಹೇಳಿ ತೀರ್ಥಹಳ್ಳಿಗೆ ಹೋಗಿ ಡಾಕ್ಟರನ್ನು ಕಂಡೆ. ಎಲ್ಲ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ.

'ಅರೆಯೋರು ಯಾರಮ್ಮ?'

'ನಾನೇ.'

'ನಿಲ್ಲಿಸಿ. ಇದು ಕಾಯಿಲೆ. ಅವರನ್ನ ಇಲ್ಲಿಗೆ ಕರ್ಕೊಂಡು ಬನ್ನಿ.'

ಮೈಯೆಲ್ಲ ಉರೀತು. ಡಾಕ್ಟರ ಮೇಲಲ್ಲ, ನನ್ನ ಮೇಲೇ.

ಮನೆಗೆ ಬಂದು ಎಲ್ಲ ಹೇಳಿದೆ, ಕಾಲು ಹಿಡಿದೆ. 'ನಂಗೆಂತ ಧಾಡಿ? ನಾನು ಪಾತ್ರಿ' ಅಂದರು. ಸೊಪ್ಪು ಮುಗೀತು ಅಂದಿದ್ದಕ್ಕೆ ಬಾಯಿಗೆ ಬಂದಂತೆ ಬೈದು ಮತ್ತೆ ಮಲಗಿದರು. ಮಾವ ಮತ್ತೊಂದು ದರ್ಶನ ಗೊತ್ತು ಮಾಡಿದರು.

ಆವತ್ತು ನಾನು ಒಂದೆಲಗದ ಸೊಪ್ಪು ಅರೆದೆ. ಬೆಲ್ಲ, ಕಾಳುಮೆಣಸು ಹಾಕಿದೆ. ಹಸಿರು ಬಣ್ಣ ಒಂದೇ. ಭೂತಕ್ಕೆ ಮೋಸ ಮಾಡ್ತಿದೀನಲ್ಲ ಅಂತ ಅರೆಯೋದು ಬಿಟ್ಟು ಒಂದ್ಸಲ ಕೈ ಮುಗಿದೆ. ಅವರು ಒಂದು ಗುಟುಕು ಕುಡಿದು ನನ್ನ ಮುಖ ನೋಡಿದರು. ಗೊತ್ತಾಗಿಹೋಯ್ತು ಅವರಿಗೆ. ಆದರೂ ಪೂರ್ತಿ ಕುಡಿದರು.

ಅಂಗಳದ ತುಂಬ ಜನ. ಚಂಡೆ ಬಡಿದರು. ಯಜಮಾನರು ಅಡಿಕೆ ಹೂವಿನ ಗೊಂಚಲು, ಸಿಂಗಾರ, ಕೈಯಲ್ಲಿ ಹಿಡಿದು ನಿಂತರು, ಮೈ ಅಲುಗಲೇ ಇಲ್ಲ. 'ಬಾ ಸ್ವಾಮಿ, ಬಾ!' ಅಂತ ಮಾವ ಕೂಗಿ ಕೂಗಿ ಬೆವೆತರು. ಜನ ಗುಸುಗುಸು ಶುರು ಮಾಡಿದರು. ಮಾಡೋದನ್ನೆಲ್ಲ ಮಾಡಿದವಳು ನಾನೇ ಒಳಗೊಳಗೇ ಬೇಡಿಕೊಂಡೆ: ಒಂದ್ಸಲ ಸುಳ್ಳುಸುಳ್ಳೇ ನಡುಗಿಬಿಡಿ, ಮಾನ ಉಳಿಸ್ಕೊಳ್ಳಿ.

ಅವರು ಸಿಂಗಾರವನ್ನು ಮೆಲ್ಲಗೆ ನೆಲಕ್ಕಿಟ್ಟರು.

'ಯಾರೂ ಬಂದಿಲ್ಲ' ಅಂದರು. ಮೂರು ವರ್ಷದಲ್ಲಿ ಅಷ್ಟು ಸಣ್ಣ ದನಿ ನಾನು ಕೇಳಿರಲಿಲ್ಲ. 'ನಾನೇ ಇರೋದು. ನಂಗೆ ಹುಷಾರಿಲ್ಲ ಅಪ್ಪಯ್ಯ.'