ಗಡಿಕಲ್ಲಿನಾಚೆಯ ಒಲೆ

ಘಟ್ಟದ ಕೆಳಗಿನ ಜಿಲ್ಲೆ ಬೊಂಬಾಯಿಯಿಂದ ಬಿಡಿಸಿಕೊಂಡು ನಮ್ಮ ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನನ್ನ ಮದುವೆಯಾಯಿತು. ಸರ್ಕಾರದ ಲೆಕ್ಕದಲ್ಲಿ ಕಡಲ ಕರೆಯವರೂ ಸೊರಬದವರೂ ಅಂದಿನಿಂದ ಒಂದೇ ಮನೆಯವರು. ಊರಿನ ಲೆಕ್ಕ ಬೇರೆ ಇತ್ತು. ಮಗಳನ್ನು ಸೊರಬದ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದೇವೆ ಎಂದು ನನ್ನ ತವರಿನವರು ಉಡುತಡಿಯ ಸುತ್ತೆಲ್ಲ ಹೇಳಿಕೊಂಡು ಬಂದರು. ನಿಜ ಹೇಳಬೇಕೆಂದರೆ ಕೊಟ್ಟದ್ದು ಹಳ್ಳಿಗಲ್ಲ. ಹಳ್ಳಿಯ ಗಡಿಕಲ್ಲು ದಾಟಿದ ಮೇಲೆ, ಕೆರೆಯ ದಂಡೆಗೆ ಇದ್ದ ಹತ್ತಾರು ಹುಲ್ಲಿನ ಮನೆಗಳ ಕೇರಿಗೆ. ಘಟ್ಟದ ಕೆಳಗಿಂದ ಬಂದವರದೆಂದು ಊರವರು ಅದನ್ನು 'ಕೆಳಗಿನೋರ ಕೇರಿ' ಅನ್ನುತ್ತಿದ್ದರು. ಜಾತಿಯಲ್ಲಿ ಊರವರೂ ನಾವೂ ಒಂದೇ, ನೀರು ಕುಡಿಯಲು ಅಡ್ಡಿಯಿರಲಿಲ್ಲ. ಆದರೂ ಅವರು ನಮ್ಮ ಜಗಲಿಯ ತನಕ ಬರುತ್ತಿದ್ದರು, ಹೊಸ್ತಿಲು ದಾಟುತ್ತಿರಲಿಲ್ಲ.

ನನ್ನ ಅತ್ತೆ ಬಿಟ್ಟು ಬಂದ ಕಡಲಂಚಿನ ಊರೂ ಬಂದವರೇ ಕಟ್ಟಿದ ಊರಂತೆ. ಹೊಳೆ ಕಡಲು ಸೇರುವಲ್ಲಿ ಒಂದು ಮರಳು ಪಟ್ಟಿ. ಅಲ್ಲಿ ಕೇದಿಗೆ ಪೊದೆ, ಏಡಿ ಬಿಟ್ಟರೆ ಏನೂ ಇರಲಿಲ್ಲ. ತೆಂಕಣದಿಂದ ದೋಣಿಯಲ್ಲಿ ಒಂದು ಸಂಸಾರ ಬಂದು ಗುಡಿಸಲು ಹಾಕಿತು. ಆಮೇಲೆ ಗೇಣಿ ಕೊಡಲಾಗದೆ ಗದ್ದೆ ಬಿಟ್ಟವರು ಬಂದರು, ಅವರ ಹಿಂದೆ ಅವರ ನೆಂಟರು. ಉಪ್ಪುನೀರಿಗೆ ಒಡ್ಡು ಕಟ್ಟಿ, ಒಳಗೆ ಉಪ್ಪು ತಡೆಯುವ ಭತ್ತ ಬೆಳೆದರು. ತೆಂಗು ನೆಟ್ಟರು. ಅಲ್ಲಿ ಯಾರೂ ಯಾರನ್ನೂ ನೀವು ಎಲ್ಲಿಯವರು ಎಂದು ಕೇಳುತ್ತಿರಲಿಲ್ಲ ಎಂದು ಅತ್ತೆ ಹೇಳುತ್ತಿದ್ದರು. ಕೇಳಿದರೆ ತಾನೂ ಹೇಳಬೇಕಾಗುತ್ತಿತ್ತಲ್ಲ!

ಒಂದು ಮಳೆಗಾಲ ಕಡಲು ಒಳಗೆ ಬಂತು. ಇವತ್ತೊಂದು ದಿನ ಗುಡ್ಡದ ಮೇಲೆ ಕೂರೋಣ, ನಾಳೆ ಬೆಳಗ್ಗೆ ಬಂದರಾಯಿತು ಎಂದು ಎಲ್ಲರೂ ಹೊರಟರು. ಅತ್ತೆ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿದರು, ಬೆಳಗ್ಗೆ ಬಂದ ಕೂಡಲೇ ಗಂಜಿಗಿಡಬೇಕಲ್ಲ. ಬಾಗಿಲು ಎಳೆದುಕೊಂಡರು. ಮಾರನೆಯ ದಿನ ಇಳಿದು ಬಂದರೆ ಒಲೆಯೂ ಇಲ್ಲ, ಬಾಗಿಲೂ ಇಲ್ಲ, ಅಂಗಳದ ತೆಂಗು ಬೇರು ಸಮೇತ ನೀರಲ್ಲಿ ತೇಲುತ್ತಿತ್ತು. ಇದನ್ನು ಅವರು ಅಳುತ್ತ ಹೇಳಿದ್ದನ್ನು ನಾನು ಕಂಡಿರಲಿಲ್ಲ. ಶಿರಾಳಕೊಪ್ಪದ ಸಂತೆಯಿಂದ ತಂದ ಒಣಮೀನಿಗೆ ಉಪ್ಪು ಸಾಲದು ಅನ್ನುವಾಗ ಯಾವ ದನಿಯೋ ಅದೇ ದನಿ.

ಸುಗ್ಗಿಗೆ ಘಟ್ಟ ಹತ್ತಿ ಕೂಲಿಗೆ ಬರುತ್ತಿದ್ದ ಪರಿಚಯದ ಮೇಲೆ ಆ ಸಂಸಾರಗಳು ಇಲ್ಲಿಗೆ ಬಂದವು. ಊರ ಗೌಡರ ತಂದೆ ಆಗ ಬದುಕಿದ್ದರು. ಗಡಿಕಲ್ಲಿನಾಚೆ ಮಾವಿನ ತೋಪಿದೆ, ಅಲ್ಲಿ ಮನೆ ಹಾಕ್ಕೊಳ್ಳಿ ಎಂದರಂತೆ. ಒಳ್ಳೆಯ ನೆರಳಿನ ಜಾಗ, ನೀರು ಹತ್ತಿರ. ಇಷ್ಟು ಒಳ್ಳೆಯ ಜಾಗದಲ್ಲಿ ಊರವರೇ ಯಾಕೆ ಮನೆ ಕಟ್ಟಿರಲಿಲ್ಲ ಎಂಬುದು ಇವರಿಗೆ ಮೊದಲ ಹೊರಬೀಡಿನ ದಿನ ಗೊತ್ತಾಯಿತು.

ಹೊರಬೀಡು ಎಂದರೆ ನಮ್ಮ ಕಡೆಯ ಮಕ್ಕಳಿಗೆ ಹಬ್ಬಕ್ಕಿಂತ ಹೆಚ್ಚು. ಮಳೆ ಹಿಡಿಯುವ ಮುಂಚೆ ಒಂದು ಮಂಗಳವಾರ, ಹೊತ್ತು ಹುಟ್ಟುವುದರೊಳಗೆ ಇಡೀ ಊರು ಊರು ಬಿಡಬೇಕು. ಒಲೆಯ ಬೆಂಕಿ ಆರಿಸಿ, ಬೂದಿ ಬಳಿದು ಹೊರಗೆ ಹಾಕಿ, ಬಾಗಿಲು ಹಾಕಿಕೊಂಡು, ದನ, ಕೋಳಿ, ತೊಟ್ಟಿಲ ಕೂಸು, ಮಲಗಿದ ಮುದುಕರು ಎಲ್ಲರನ್ನೂ ಕರೆದುಕೊಂಡು ಗಡಿಯಾಚೆ ಹೋಗಿ ಅಡುಗೆ ಮಾಡಿ ಉಣ್ಣಬೇಕು. ಊರ ಬಾಯಿಗೆ ಬೇವಿನ ಸೊಪ್ಪು, ಮುಳ್ಳು. ಆ ಒಂದು ಹಗಲು ಖಾಲಿ ಬೀದಿಗಳಲ್ಲಿ ಗುಡಿಯ ಅಮ್ಮ ಒಬ್ಬಳೇ ಓಡಾಡಿ, ರೋಗ ರುಜಿನ ಗುಡಿಸಿಕೊಂಡು ಹೋಗುತ್ತಾಳೆ ಎಂದು ನಂಬಿಕೆ. ಸಂಜೆ ಗುಡಿಯ ದೀಪದಿಂದ ಹೊಸ ಬೆಂಕಿ ತಂದು ಒಲೆ ಹೊತ್ತಿಸುವುದು. ಯಾವುದಾದರೂ ಒಂದು ಮನೆಯಲ್ಲಿ ಹೊಗೆ ಎದ್ದರೂ ಊರಿನದೆಲ್ಲ ಕೆಟ್ಟಂತೆ.

ಮದುವೆಯಾದ ವರ್ಷ ಹೊರಬೀಡಿನ ಸುದ್ದಿ ಕೇಳಿ ನಾನು ಕೋಳಿ ಕೂಗುವ ಮುಂಚೆ ಎದ್ದು ಬೂದಿ ಬಳಿಯಲು ಕೂತೆ. ಅತ್ತೆ ಎದ್ದು ಬಂದವರು, "ಯಾರು ಹೇಳಿದ್ದು ನಿಂಗೆ? ಬಿಡು ಅತ್ಲಾಗೆ. ಅದು ಊರವ್ರಿಗೆ, ನಮಗಲ್ಲ" ಎಂದರು. ಹೊತ್ತು ಮೂಡಿತು. ಇಡೀ ಊರು ಗಡಿಕಲ್ಲು ದಾಟಿ ನಮ್ಮ ಮನೆಗಳ ಮುಂದೆ ಬಂದು ಇಳಿಯಿತು! ನಮ್ಮ ಮಾವಿನ ಮರದಡಿ ಅವರ ಒಲೆ, ನಮ್ಮ ಕಣದಲ್ಲಿ ಅವರ ದನ. ನಮ್ಮ ಒರಳು ಬೇಕಾಯಿತು, ಸೌದೆ ಬೇಕಾಯಿತು, ಕೊಟ್ಟೆವು. ನನ್ನ ಬಾಯಿ ಜೋರು ಎಂದು ತವರಲ್ಲೇ ಹೆಸರಾಗಿತ್ತು. ಒರಳು ಕೇಳಲು ಬಂದ ಹೆಂಗಸನ್ನು ಕೇಳಿಯೇಬಿಟ್ಟೆ, "ಅಲ್ಲ ಕಣಕ್ಕಾ, ನಮ್ಮನ್ನ ಯಾಕೆ ಹೊರಬೀಡಿಗೆ ಕರೆಯಲ್ಲ?"

ಅವಳು ನಕ್ಕಳು. ಕೆಟ್ಟ ಹೆಂಗಸಲ್ಲ. "ನೀವು ಹೊರಗೇ ಇದೀರಲ್ಲೇ ತಂಗಿ, ಇನ್ನೆಲ್ಲಿಗೆ ಹೊರಗೆ ಹೋಗ್ತೀರಿ?"

ನನಗೆ ಮೈಯೆಲ್ಲ ಉರಿಯಿತು. ಒರಳನ್ನು ಮಾತ್ರ ಹೊತ್ತುಕೊಂಡು ಹೋಗಿ ಕೊಟ್ಟೆ.

ಮುಂದಿನ ವರ್ಷ ದನಗಳಿಗೆ ಕಾಲುಬಾಯಿ ರೋಗ ಬಂತು. ಊರಲ್ಲೂ ಬಂತು, ಕೇರಿಯಲ್ಲೂ ಬಂತು. ಊರ ಹಿರಿಯರು ಕೂತು ಯೋಚಿಸಿದರು. ವರ್ಷಾವರ್ಷ ಊರಿಂದ ಗುಡಿಸಿದ ರೋಗ ಹೊರಗೆ ಹೋಗಿ ಕೇರಿಯಲ್ಲಿ ನಿಲ್ಲುತ್ತಿದೆ, ಅಲ್ಲಿಂದ ಮತ್ತೆ ಒಳಗೆ ಬರುತ್ತಿದೆ ಎಂದು ಯಾರಿಗೋ ಹೊಳೆಯಿತು. ಹಾಗಾಗಿ ಆ ಸಲ ತಳವಾರ ಗಡಿಕಲ್ಲು ದಾಟಿ ನಮ್ಮ ಅಂಗಳಕ್ಕೆ ಬಂದು ಡಂಗುರ ಹೊಡೆದ. ಕೇರಿಯವರೂ ಬೆಂಕಿ ಆರಿಸಬೇಕು, ಕೇರಿಯವರೂ ಊರ ಜೊತೆ ಪಡುವಲ ಬಯಲಿಗೆ ಹೊರಡಬೇಕು. ಪ್ರೀತಿಯಿಂದ ಕರೆದದ್ದಲ್ಲ, ಹೆದರಿ ಕರೆದದ್ದು. ಆದರೂ ಕೇರಿಯ ಗಂಡಸರು ಬೀಗಿದರು. ನಾನೂ ಬೀಗಿದೆ, ಸುಳ್ಳು ಯಾಕೆ ಹೇಳಲಿ. ಹೊರಗೆ ಹೋಗು ಎಂದು ಹೇಳಿಸಿಕೊಳ್ಳಬೇಕಾದರೆ ಮೊದಲು ಒಳಗಿನವರಾಗಬೇಕು.

ನಮ್ಮನೆಯವರು ಶಿರಾಳಕೊಪ್ಪದ ಸಂತೆಗೆ ಹೋಗಿ ಒಂದು ಬೀಗ ತಂದರು. ನಮ್ಮ ಕೇರಿಗೆ ಅದೇ ಮೊದಲ ಬೀಗ. ಕದಿಯಲು ಏನಾದರೂ ಇದ್ದರೆ ತಾನೆ ಬೀಗ? ಊರವರೆಲ್ಲ ಹಾಕುತ್ತಾರೆ, ನಾವೂ ಹಾಕೋಣ ಎಂದು ಅವರ ಆಸೆ. ಅತ್ತೆ ಬೀಗವನ್ನು ಕೈಯಲ್ಲಿ ತಿರುಗಿಸಿ ನೋಡಿ ಕೆಳಗಿಟ್ಟರು.

"ನೀವು ಹೋಗಿ. ನಾ ಬರೂದಿಲ್ಲ."

ನಮ್ಮನೆಯವರು ಸಮಾಧಾನ ಹೇಳಿದರು, ರೇಗಿದರು, ಕೊನೆಗೆ ಊಟ ಬಿಟ್ಟು ಕೂತರು. ಕೇರಿಯ ಹಿರಿಯರು ಬಂದು ಕೈ ಮುಗಿದರು. ಒಂದು ಮನೆಯಿಂದಾಗಿ ಹೊರಬೀಡು ಕೆಟ್ಟರೆ, ಆ ಡಂಗುರ ಇನ್ನು ನಮ್ಮ ಮಕ್ಕಳ ಕಾಲಕ್ಕೂ ಗಡಿಕಲ್ಲು ದಾಟುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಅತ್ತೆಗೂ ಗೊತ್ತಿತ್ತು. "ಒಲೆ ಖಾಲಿ ಮಾಡಿ, ಬಾಗಿಲು ಎಳ್ಕಂಡು ನಾ ಎಲ್ಲಿಗೂ ಹೋಗೂದಿಲ್ಲ" ಎಂಬುದೊಂದೇ ಮಾತು. ಮೊಂಡರು ದೊರೆಗಿಂತ ಬಲವಂತರು ಎಂದು ಸುಮ್ಮನೆ ಹೇಳುತ್ತಾರೆಯೇ! ನನಗಂತೂ ಕೆಟ್ಟ ಕೋಪ ಬಂತು. ಮುದುಕಿ ನಮ್ಮೆಲ್ಲರ ಬಾಯಿಗೆ ಮಣ್ಣು ಹಾಕಿತು ಎಂದು ಹಿತ್ತಿಲಲ್ಲಿ ಪಾತ್ರೆ ಕುಕ್ಕಿದೆ.

ಸುದ್ದಿ ಊರಿಗೆ ಹೋಗಿ, ಗೌಡರೇ ಬಂದು ಜಗಲಿಯ ಮೇಲೆ ಕೂತರು. ಐವತ್ತು ದಾಟಿದ ಆಳು, ತಾಳ್ಮೆಯ ಮನುಷ್ಯ.

"ಏನವ್ವಾ, ಬರಲ್ಲ ಅಂದ್ಯಂತೆ?"

"ಹೌದ್ರಾ ಗೌಡ್ರೇ."

"ಒಂದು ಹಗಲು ಕಣವ್ವಾ. ಬೆಳಗ್ಗೆ ಹೋಗಿ ಸಂಜೆಗೆ ಬರಾದು."

"ಅವತ್ತೂ ಹಾಗೇ ಹೇಳಿದ್ರು. ಬೆಳಿಗ್ಗೆ ಬಂದ್ರಾಯ್ತು ಅಂದ್ರು."

ಗೌಡರಿಗೆ ಆ ಕತೆ ಗೊತ್ತಿತ್ತು. ಎಲೆಗೆ ಸುಣ್ಣ ಸವರಿದರು. "ಇಲ್ಲಿ ಕಡಲು ಎಲ್ಲೈತವ್ವಾ?"

"ಅಲ್ಲೂ ನಮ್ಮ ಬಾಗಿಲ ತಂಕ ಅದು ಬರೂದಿಲ್ಲ ಅಂತ್ಲೇ ಇತ್ತು."

ಗೌಡರು ಎಲೆಯನ್ನು ಬಾಯಿಗೆ ಹಾಕಲಿಲ್ಲ. ಹಿತ್ತಿಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನನ್ನ ಕೋಪ ಎಲ್ಲಿ ಹೋಯಿತೋ. ಅಷ್ಟು ದಿನ ಒಂದೇ ಮನೆಯಲ್ಲಿ ಉಂಡಿದ್ದೆ. ಈಕೆ ದಿನಾ ಮಲಗುವ ಮುಂಚೆ ಒಲೆಯ ಕೆಂಡಕ್ಕೆ ಅಷ್ಟು ಜೋಪಾನವಾಗಿ ಬೂದಿ ಮುಚ್ಚುವುದನ್ನು, ಎದ್ದ ಕೂಡಲೇ ಮುಖ ತೊಳೆಯುವ ಮೊದಲೇ ಬೂದಿ ಕೆದಕಿ ನೋಡುವುದನ್ನು ದಿನಾ ನೋಡಿದ್ದೆ. ಬೆಂಕಿಪೊಟ್ಟಣದ ಕಾಸು ಉಳಿಸುತ್ತಾರೆ ಎಂದುಕೊಂಡಿದ್ದೆ.

ಕೊನೆಗೆ ಅತ್ತೆಯೇ ಮಾತಾಡಿದರು. "ಬೀಗ ಹಾಕಿ ಕೀಲಿಕೈ ನಿಮ್ಮ ಕೈಯಲ್ಲಿ ಕೊಡ್ತೆ. ಸಂಜೆ ನೀವೇ ಬಂದು ಬಾಗಿಲು ತೆಗೀಬೇಕು. ಒಲೆಗೆ ನಿಮ್ಮ ಮನೆಯವ್ರೇ ಬೆಂಕಿ ಹಾಕ್ಬೇಕು. ಮನೆ ಇಲ್ಲದಿದ್ರೆ ನಾ ನಿಮ್ಮ ಮನೇಲಿ ಇರೂದು. ಆಗ್ತದ್ಯಾ?"

ನಮ್ಮನೆಯವರು ನಾಚಿಕೆಯಿಂದ ತಲೆ ತಗ್ಗಿಸಿದರು. ಗೌಡರನ್ನು ಕೇಳುವ ಮಾತೇ ಅದು! ಗೌಡರು ನಗಲಿಲ್ಲ. "ಆಗಲಿ ತಗಾ" ಎಂದು ಎದ್ದು ಪಂಚೆ ಕೊಡವಿಕೊಂಡು ಹೋದರು.

ಮಂಗಳವಾರ ಮಸುಕಿನಲ್ಲಿ ಅತ್ತೆ ತಾವೇ ಒಲೆಗೆ ನೀರು ಚಿಮುಕಿಸಿದರು. ತಾವೇ ಬೂದಿ ಬಳಿದರು. ನನ್ನನ್ನು ಹತ್ತಿರ ಬಿಡಲಿಲ್ಲ. ಬಯಲಿನಲ್ಲಿ ಎಲ್ಲರೂ ಕಡುಬು ಬೇಯಿಸಿದರು, ಮಕ್ಕಳು ಕುಣಿದವು, ಕೇರಿಯ ಗಂಡಸರು ಊರವರ ಪಂಕ್ತಿಯಲ್ಲಿ ಕೂತು ಉಂಡರು. ಕಳೆದ ವರ್ಷ ಒರಳು ಕೇಳಿದ್ದ ಹೆಂಗಸೇ ಅತ್ತೆಗೆ ಎಲೆಯಲ್ಲಿ ಕಡುಬು ತಂದುಕೊಟ್ಟಳು. ಅತ್ತೆ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು. ಮುಖ ಕೇರಿಯ ಕಡೆಗೆ. ಅಲ್ಲಿಂದ ಕೇರಿ ಕಾಣುವುದಿಲ್ಲ, ನಡುವೆ ಊರಿದೆ, ಮರಗಳಿವೆ. ಕಡುಬು ಒಣಗಿ ಎಲೆಗೆ ಅಂಟಿತು. ನಾನು ಹೋಗಿ ಅವರ ಪಕ್ಕದಲ್ಲಿ ಕೂತೆ.

ಸಂಜೆ ವಾಪಸು ಬರುವಾಗ ಗಡಿಕಲ್ಲಿನ ಹತ್ತಿರ ಅತ್ತೆ ನಿಂತುಬಿಟ್ಟರು. ನೆಲ ನೋಡುತ್ತ ನನ್ನ ಕೈ ಹಿಡಿದರು.

"ಉಂಟಾ ನೋಡೇ."

"ಇದೆ ಅತ್ತೆ. ಇಲ್ಲೇ ಇದೆ, ಎಲ್ಲಿಗೆ ಹೋಗುತ್ತೆ?"

"ಹೋಗ್ತದೆ" ಎಂದರು.

ಗೌಡರು ಸೊಂಟದ ಉಡಿದಾರಕ್ಕೆ ಕಟ್ಟಿದ್ದ ಕೀಲಿಕೈ ಬಿಚ್ಚಿ ತಂದರು. ಹೊಸ ಬೀಗ, ಬಿಗಿ. ಅವರು ಹಾಗೆ ತಿರುಗಿಸಿದರು, ಹೀಗೆ ತಿರುಗಿಸಿದರು, ಹಾಳಾದ್ದು ಬರಲೊಲ್ಲದು. ನಮ್ಮನೆಯವರು ಕೈ ಹಾಕಲು ಹೋದರೆ ಅತ್ತೆ, "ನೀ ಸುಮ್ನಿರು, ಅವ್ರೇ ತೆಗೀಲಿ" ಎಂದು ಗದರಿದರು. ಊರೆಲ್ಲ ನಿಂತು ನೋಡುತ್ತಿತ್ತು. ಕೊನೆಗೂ ಬೀಗ ಬಿಟ್ಟುಕೊಂಡಿತು. ಗೌಡರ ಹೆಂಡತಿ ಗುಡಿಯಿಂದ ತಂದ ಕೆಂಡದ ಮಡಕೆ ಹಿಡಿದು ನಿಂತಿದ್ದರು. ಹೊಸ್ತಿಲ ಮುಂದೆ ಒಂದು ಕ್ಷಣ ತಡೆದು, ಸೀರೆ ಎತ್ತಿ ಸಿಕ್ಕಿಸಿಕೊಂಡು ಒಳಗೆ ಹೋದರು. ಒಳಗೆ ಕತ್ತಲೆ.

"ಒಲೆ ಯಾವ ಕಡೆಗೈತೆ ತಂಗಿ?" ಎಂದು ನನ್ನನ್ನು ಕೇಳಿದರು. ಅಷ್ಟು ವರ್ಷ ನಮ್ಮ ಅಂಗಳದಲ್ಲಿ ಅಡುಗೆ ಮಾಡಿ ಉಂಡವರು.

ತೋರಿಸಿದೆ. ಮಂಡಿಯೂರಿ ಕೂತು ಕೆಂಡ ಸುರಿದು ಊದಿದರು. ಹೊಗೆಗೆ ಕೆಮ್ಮಿದರು, ಮತ್ತೆ ಊದಿದರು. ಬೆಂಕಿ ಹತ್ತಿಕೊಂಡಿತು. ಅತ್ತೆ ಇನ್ನೂ ಹೊರಗೇ ಇದ್ದರು. "ಬಾರವ್ವಾ ಒಳಗೆ, ನಿನ್ನ ಮನೇನೇ" ಎಂದು ಗೌಡರು ಕರೆದರು. ಅತ್ತೆ ಗೋಡೆ ಸವರಿಕೊಂಡು ಒಳಗೆ ಬಂದು, ಒಲೆಯ ಮುಂದೆ ಕುಸಿದು ಕೂತು, ಗೋಳೋ ಎಂದು ಅತ್ತರು. "ಕಡಲ ಬದಿಗೆ ಬಾಗಿಲಿತ್ತು, ಕಡಲ ಬದಿಗೆ ಬಾಗಿಲಿತ್ತು" ಎಂದು ಅದನ್ನೇ ಹೇಳಿಕೊಂಡು ಅತ್ತರು. ಗೌಡರ ಹೆಂಡತಿ ಬೆನ್ನು ಸವರುತ್ತ ಕೂತರು. ನನಗೂ ಅಳು ಬಂತು. ಎಷ್ಟೋ ವರ್ಷದ ಹಿಂದೆ ಕೊಚ್ಚಿಹೋದ ಮನೆಗಾಗಿ ಅವರು ಅವತ್ತು ಅತ್ತರು.

ಮಾರನೆಯ ದಿನ ನಾನೆದ್ದಾಗ ಅತ್ತೆ ಇನ್ನೂ ಹೊದ್ದು ಮಲಗಿದ್ದರು. ಒಲೆಗೆ ಕೈ ಹಾಕಿದೆ. ತಣ್ಣಗಿತ್ತು. ಕೆಂಡಕ್ಕೆ ಬೂದಿಯನ್ನೇ ಮುಚ್ಚಿರಲಿಲ್ಲ. ಗಾಬರಿಯಾಗಿ ಎಬ್ಬಿಸಿದೆ. "ಅತ್ತೆ, ಬೆಂಕಿ ಆರಿ ಹೋಗಿದೆ!"

ಅವರು ಕಣ್ಣು ಬಿಡಲಿಲ್ಲ, ಮಗ್ಗುಲು ಬದಲಿಸಿದರು. "ಆರಿದ್ರೆ ಆರ್ಲಿ. ಊರೊಳಗೆ ಹೋಗಿ ಯಾರ ಮನೇಲಾದ್ರೂ ಒಂದು ಕೆಂಡ ಇಸ್ಕಂಬಾ."

ಕೇರಿಯ ಹೆಂಗಸರು ಬೆಂಕಿಗೆಂದು ಗಡಿಕಲ್ಲು ದಾಟಿದ್ದೇ ಇಲ್ಲ. ನಾನು ಒಂದು ತೆಂಗಿನ ಕರಟ ಹಿಡಿದುಕೊಂಡು ಹೋದೆ. ಊರ ಮೊದಲ ಮನೆ ಆ ಒರಳಿನ ಹೆಂಗಸಿನದೇ. ಮಂಗಳವಾರ, ಶುಕ್ರವಾರ ಯಾರೂ ಬೆಂಕಿ ಕೊಡುವುದಿಲ್ಲ, ಅವತ್ತು ಬುಧವಾರ. ಅವಳು ಏನೂ ಕೇಳದೆ ಒಳಗಿನಿಂದ ಕೆಂಡ ತಂದು ಕರಟಕ್ಕೆ ಹಾಕಿ, "ಸಾಕೇನೇ, ಇನ್ನೊಂದು ಹಾಕ್ಲಾ?" ಎಂದಳು.