ಸೂರ್ಯ ಮುಳುಗುವ ತನಕದ ಕರಾರು

ಮೊನ್ನೆ ಶರಾವತಿ ಸೇತುವೆಯ ಮೇಲೆ ಬಸ್ಸು ನಿಂತುಬಿಟ್ಟಿತು. ಮುಂದೆ ಲಾರಿ, ಹಿಂದೆ ಲಾರಿ, ನಡುವೆ ನಾವು. ಕೆಳಗೆ ಹೋಗುತ್ತಿದ್ದ ಮೀನಿನ ಬೋಟಿನ ಡೀಸೆಲ್ ವಾಸನೆ ಉಪ್ಪುಗಾಳಿಯ ಜೊತೆ ಕಿಟಕಿಯೊಳಗೆ ನುಗ್ಗಿದ್ದೇ ತಡ, ಹಳೆಯ ಲಾಂಚು ನೆನಪಾಯಿತು. ಲಾಂಚಿನ ಬೆನ್ನಿಗೇ ದೊಡ್ಡಕ್ಕೋರು...

ಹೊನ್ನಾವರದ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ ಅವರು. ನನಗೆ ಅಕ್ಷರ ಕಲಿಸಿದವರೂ ಅವರೇ. ಅರವತ್ತರ ದಶಕದ ಆರಂಭದಲ್ಲಿ ನಾನು ಭಟ್ಕಳದ ಹತ್ತಿರದ ಜಾಲಿಯಲ್ಲಿ ಹೊಸ ಶಿಕ್ಷಕಿ, ಮನೆಯಲ್ಲಿ ಮೊಲೆ ಬಿಡದ ಕೂಸು. ಆ ವರ್ಷದ ಶಿಕ್ಷಕರ ಸಮ್ಮೇಳನ ಅವರ ಶಾಲೆಯಲ್ಲೇ ಎಂದು ತೀರ್ಮಾನವಾಯಿತು. ಆಗ ಸೇತುವೆ ಎಲ್ಲಿಯದು? ಭಟ್ಕಳ ಕಡೆಯವರು ಕಾಸರಕೋಡಿನಲ್ಲಿ ಬಸ್ಸಿಳಿದು ಲಾಂಚಿನಲ್ಲಿ ಹೊಳೆ ದಾಟಬೇಕು, ಸಂಜೆ ಹಾಗೆಯೇ ಮರಳಬೇಕು. ಲಾಂಚು ತಪ್ಪಿದರೆ ಬೆಳಗಿನ ತನಕ ಹೊನ್ನಾವರವೇ ಗತಿ.

ಏರ್ಪಾಡೆಲ್ಲ ದೊಡ್ಡಕ್ಕೋರ ತಲೆಯ ಮೇಲೆ. ಲಾಂಚಿನ ಏಜೆಂಟರೊಡನೆ ಕರಾರು ಮಾಡಲು ಹೋದಾಗ, ಸಮ್ಮೇಳನದ ಸಮಿತಿಗೆಂದು ಬಂದಿದ್ದ ನನ್ನನ್ನೂ ಕರೆದೊಯ್ದರು.

"ಕಡೇ ಟ್ರಿಪ್ಪು ಐದಕ್ಕೆ, ಅಕ್ಕೋರೆ. ಅದು ನಮ್ಮ ರೂಲು," ಎಂದರು ಏಜೆಂಟರು.

"ಹಂಗಾದ್ರೆ ಸಭೆ ಅರ್ಧಕ್ಕೇ ಬಿಟ್ಟು ಓಡೂದಾ? ಸೂರ್ಯ ಮುಳುಗೂ ತನಕ ನಿಲ್ಸಿ."

"ನಿಲ್ಸ್ತೆ. ಮುಳುಗಿದ್ಮೇಲೆ ಮಂತ್ರಿ ಬಂದ್ರೂ ಬಿಡೂದಿಲ್ಲ. ಕತ್ಲಲ್ಲಿ ಜನರ ಜೀವಕ್ಕೆ ನಾ ಹೊಣೆ ಅಲ್ಲ."

"ಆತು. ಅದನ್ನೇ ಬರೀರಿ, ನಾನೂ ಸಹಿ ಹಾಕ್ತೆ."

ಶಾಲೆಗೆ ಮರಳಿ ಸಮಿತಿಯಲ್ಲಿ ಇನ್ನೊಂದು ನಿಯಮ ಮಾಡಿಸಿದರು. ಯಾರದೇ ಭಾಷಣವಿರಲಿ, ಹೊತ್ತು ಮೀರಿದರೆ ಗಂಟೆ ಬಾರಿಸುವುದು. ಶಾಲಾ ತನಿಖೆಯ ಡೆಪ್ಯುಟಿ ಸಾಹೇಬರಿಗೂ ಹಾಗೇನಾ ಎಂದು ಮಾಸ್ತರರೊಬ್ಬರು ತಡವರಿಸಿದರು. "ಸಾಹೇಬ್ರಿಗೆ ಬೇರೆ ಸೂರ್ಯ ಇದ್ದಾನಾ?" ಎಂದರು ದೊಡ್ಡಕ್ಕೋರು. ಎಲ್ಲರೂ ನಕ್ಕು ಒಪ್ಪಿದರು.

ನಗುವುದು ಸುಲಭವಾಗಿತ್ತು, ಗಂಟೆ ಬಾರಿಸುವುದಲ್ಲ. ಕುಮಟೆಯ ಹತ್ತಿರದ ಬಾಡದಲ್ಲಿ ದೊಡ್ಡಕ್ಕೋರ ತಾಯಿ ಹಾಸಿಗೆ ಹಿಡಿದಿದ್ದರು. ಅಲ್ಲಿಗೆ ವರ್ಗ ಕೇಳಿ ಕೇಳಿ ಇವರ ಬಾಯಿ ಒಣಗಿತ್ತು. ಕಡೆಗೂ ಸಮ್ಮೇಳನ ಮುಗಿಯಲಿ, ಸಹಿ ಹಾಕುತ್ತೇನೆ ಎಂದು ಅದೇ ಸಾಹೇಬರು ಮಾತು ಕೊಟ್ಟಿದ್ದರು. ಸಮಾರೋಪ ಭಾಷಣವೂ ಅವರದೇ.

ಸಾಹೇಬರು ತಡವಾಗಿ ಬಂದರು, ಅದಕ್ಕೆ ತಕ್ಕಂತೆ ಉದ್ದಕ್ಕೂ ಮಾತಾಡಿದರು. ಬಾಗಿಲಲ್ಲಿ ಅವರ ಜವಾನ, ಪಟ್ಟೇವಾಲ, ನಿಂತಿದ್ದ, ಎದ್ದು ಹೋಗುವ ಧೈರ್ಯ ಯಾರಿಗಿದೆ? ನಾನು ಮಕ್ಕಳ ಬೆಂಚಿನ ನಡುವೆ ಸಿಕ್ಕಿಕೊಂಡಿದ್ದೆ. ಎದೆ ಕಟ್ಟಿ ನೋಯುತ್ತಿತ್ತು, ಹಾಲು ಜಿನುಗಿ ರವಿಕೆ ಒದ್ದೆಯಾಗಿತ್ತು. ಸೆರಗು ಎಳೆದುಕೊಂಡು ಕೂತೆ. ಕುಮಟೆ ಕಡೆಯವರು ಆರಾಮಾಗಿದ್ದರು, ಅವರಿಗೆ ದಾಟುವ ಹೊಳೆ ಇರಲಿಲ್ಲ. ಹೊಳೆಯ ಕಡೆಯಿಂದ ಲಾಂಚಿನ ಹಾರನ್ ಒಮ್ಮೆ ಕೇಳಿತು. ಕಿಟಕಿಯ ಬಿಸಿಲು ಕೆಂಪಗಾಯಿತು. ಸಾಹೇಬರು ನೀರು ಕುಡಿದು, "ಇನ್ನು ಮುಖ್ಯ ವಿಷಯಕ್ಕೆ ಬರೋಣ" ಎಂದರು. ನನಗೆ ಅಳುವೇ ಬಂತು.

ವೇದಿಕೆಯ ಮೂಲೆಯಲ್ಲಿದ್ದ ದೊಡ್ಡಕ್ಕೋರು ಕಿಟಕಿ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಎದ್ದು ಪಡಸಾಲೆಗೆ ನಡೆದರು.

ಅವರು ಹೊಡೆದದ್ದು ಶಾಲೆ ಬಿಡುವ ಉದ್ದನೆಯ ಗಂಟೆ. ನಾವೆಲ್ಲ ಮಾಸ್ತರರು, ಅಕ್ಕೋರುಗಳು... ಆ ಗಂಟೆ ಕೇಳಿದರೆ ಕಾಲು ತಾನಾಗಿ ಏಳುತ್ತದೆ. ಇಡೀ ಸಭೆ ಚೀಲ ಹಿಡಿದು ಎದ್ದು ನಿಂತಿತು. ಸಾಹೇಬರ ವಾಕ್ಯ ಅರ್ಧಕ್ಕೇ ನಿಂತಿತು.

ಓಡುತ್ತ ಓಡುತ್ತ ನಾನು ಪಡಸಾಲೆಯಲ್ಲಿ ನಿಂತೆ. "ಅಕ್ಕೋರೆ, ನಿಮ್ಮ ವರ್ಗ..."

"ಎಂತ ವರ್ಗ? ನಡಿ, ಮಗು ಕಾಯ್ತಾ ಇರ್ತದೆ," ಎಂದು ಬೆನ್ನ ಮೇಲೆ ಕೈಯಿಟ್ಟು ತಳ್ಳಿದರು.

ವರ್ಗವೇನೋ ಆಯಿತು. ಬಾಡಕ್ಕಲ್ಲ, ಘಟ್ಟದ ಬುಡದ ಯಾವುದೋ ಹಳ್ಳಿಗೆ, ಬಸ್ಸಿಳಿದು ಬಹಳ ನಡೆಯಬೇಕಾದ ಊರಿಗೆ. ತಾಯಿ ತೀರಿಕೊಂಡ ಸುದ್ದಿ ಮುಟ್ಟಿ ಇವರು ಬಾಡಕ್ಕೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ. ಮುಂದೆ ಸಿಕ್ಕಾಗಲೆಲ್ಲ ನನ್ನ ಮಗನ ಕ್ಷೇಮ ಕೇಳಿದರು, ಆ ಸಂಜೆಯ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಈಗ ಅವರೂ ಇಲ್ಲ.

ಲಾರಿ ಸರಿಯಿತು, ಬಸ್ಸು ಹೊರಟಿತು. ಡೀಸೆಲ್ ವಾಸನೆ ಹಿಂದೆ ಉಳಿಯಿತು, ಹೊಳೆ ದಾಟಿದ್ದೇ ಗೊತ್ತಾಗಲಿಲ್ಲ. ಆ ಸಂಜೆ ನಾನು ಮನೆ ಮುಟ್ಟಿದೆ, ನನ್ನ ಕೂಸು ಹಾಲು ಕುಡಿದು ಮಲಗಿತು. ಬಾಡದಲ್ಲಿ ಅವರ ತಾಯಿಯೂ ಮಗಳಿಗಾಗಿ ಕಾಯುತ್ತಿದ್ದರು.