ಬಟ್ಟಿ ಸರಿದಿದೆ ಎಂದುಕೊಂಡಿದ್ದೆ

ಭೂಮಿಕಾ, ಯಶವಂತ, ನನ್ನ ಹೊಟ್ಟೆಯ ಒಳಗನ್ನು ನಾನೇ ಪರದೆಯ ಮೇಲೆ ನೋಡಿದೆ. ಬೂದಿ ಬಣ್ಣದ ಮಬ್ಬಿನ ನಡುವೆ ಒಂದು ಕಪ್ಪು ಕೊಳವೆ. ಅದು ಮಿಡಿಯುತ್ತಿತ್ತು. ಎದುರಿಗೆ ಕೂತು ಇದನ್ನೆಲ್ಲ ಹೇಳಲು ನನಗೆ ಸಂಕೋಚ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ತಾತ ಹೋದ ಮೇಲೆ ಸವಿತತ್ತೆ ನನ್ನನ್ನು ಪೇಟೆಯ ಬಟವಾಡಿ ಬಡಾವಣೆಯ ಈ ಬಾಡಿಗೆ ಮನೆಗೆ ಕರೆತಂದಳಲ್ಲ. ಬೆಳಗ್ಗೆ ಅವಳು ಬಿದರೆಹಳ್ಳಿ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆಗೆ ಹೊರಟರೆ ಬರುವುದು ಸಂಜೆಗೆ. ಕುಣಿಗಲ್ ಕಡೆಯ ನಮ್ಮೂರಿನಲ್ಲಿ ಹಗಲು ಬಾಗಿಲು ಹಾಕಿದ್ದರೆ ಯಾರಿಗೋ ಹುಷಾರಿಲ್ಲ ಎಂದರ್ಥ. ಇಲ್ಲಿ ಬಾಗಿಲು ತೆಗೆದಿದ್ದರೆ ಗ್ಯಾಸಿನವನು ಬಂದಿದ್ದಾನೆ ಎಂದರ್ಥ. ಅಂಗಡಿಯವನು ಬೇಳೆ ಕೊಡುವಾಗ "ಪ್ಯಾಕೆಟ್ಟಾ, ಲೂಸಾ?" ಎನ್ನುತ್ತಾನೆ. ಲೂಸ್ ಎಂದರೆ ಚೀಲದಿಂದ ತೂಗಿಕೊಡುವುದು. ಅದು ತಿಳಿಯುವವರೆಗೆ ಕೈ ತೋರಿಸಿಯೇ ಸಾಮಾನು ತಂದೆ. ಒಬ್ಬಳಿಗಾಗಿ ಮುದ್ದೆ ತೊಳಸಲು ಮನಸ್ಸಾಗದೆ ಮಧ್ಯಾಹ್ನದ ಊಟ ಬಿಡುತ್ತಾ ಬಂದೆ, ಸೊರಗಿದೆ.

ಹಾಗೊಂದು ಮಧ್ಯಾಹ್ನ ಮಲಗಿದ್ದಾಗ ಹೊಕ್ಕುಳ ಮೇಲೆ, ಸ್ವಲ್ಪ ಎಡಕ್ಕೆ, ಡಬಡಬ ಎಂದು ಬಡಿಯುವುದು ಕೈಗೆ ಸಿಕ್ಕಿತು. ಬಟ್ಟಿ ಸರಿದಿದೆ ಎಂದುಕೊಂಡೆ. ಊರಿನಲ್ಲಾಗಿದ್ದರೆ ಬಟ್ಟಿ ತಿಕ್ಕುವ ರಂಗಜ್ಜಿ ಇದ್ದಳು. ಬಡಿತ ಹೊಕ್ಕುಳ ನಡುವೆ ಇರಬೇಕು, ಅತ್ತಿತ್ತ ಹೋದರೆ ಹೊಟ್ಟೆಯ ಕಾಯಿಲೆ ಎಂದು ನಾವೆಲ್ಲ ನಂಬಿದವರು. ಖಾಲಿ ಹೊಟ್ಟೆಯಲ್ಲಿ ಮಲಗಿಸಿ, ಬಿಸಿ ಹರಳೆಣ್ಣೆ ಹಾಕಿ, ಹೆಬ್ಬೆರಳಲ್ಲಿ ಒತ್ತಿ ಒತ್ತಿ ಅವಳು ಬಡಿತವನ್ನು ನಡುವಿಗೆ ತರುತ್ತಿದ್ದಳು. ಸವಿತತ್ತೆಗೆ ಹೇಳದೆ ಕುಣಿಗಲ್ ಬಸ್ಸು ಹತ್ತಿಬಿಡೋಣ ಎಂದು ಬ್ಯಾಗು ಹಿಡಿದು ಹೊರಟೆ.

ಮೆಟ್ಟಿಲಲ್ಲಿ ಎದುರು ಮನೆಯ ಜಯಮ್ಮ ಸಿಕ್ಕಿದರು. ಗುಬ್ಬಿ ಕಡೆಯವರು, ಮಾತು ಜಾಸ್ತಿ. ಅಲ್ಲಿಯವರೆಗೆ ನಾನು ಅವರಿಗೆ ತಲೆಯಾಡಿಸಿದ್ದು ಬಿಟ್ಟರೆ ಮಾತಾಡಿರಲಿಲ್ಲ.

"ಮಗಳ ಮೇಲೆ ಮುನಿಸ್ಕೊಂಡ್ ಹೊಂಟ್ರಾ ಅಕ್ಕಾ?"

"ಇಲ್ಲ, ಬಟ್ಟಿ ಸರ್ದದೆ. ತಿಕ್ಕಿಸ್ಕೊಂಡ್ ಬರ್ತೀನಿ."

ಅವರು ನಗಲಿಲ್ಲ. "ನಮ್ಮತ್ತೇನೂ ತಿಕ್ತಿದ್ರು. ಆದ್ರೆ ಈ ವಯಸ್ಸಲ್ಲಿ ಹಂಗೆ ಬಡಿತಾ ಇದ್ರೆ ಒಂದ್ಸಲ ಡಾಕ್ಟ್ರಿಗೆ ತೋರಿಸ್ಬುಡಿ. ಬಸ್ಸೆಲ್ಲೂ ಓಡೋಗಲ್ಲ. ನಾನೂ ಬರ್ತೀನಿ, ನಡೀರಿ."

ಕ್ಲಿನಿಕ್ಕಿನ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಸ್ಕ್ಯಾನ್ ಆಗುವವರೆಗೆ ಯಾರೂ ಒತ್ತಬಾರದು ಎಂದರು. ದೊಡ್ಡ ರಕ್ತನಾಳ ಊದಿಕೊಂಡಿದ್ದರೂ ಹೀಗೇ ಬಡಿಯುತ್ತದಂತೆ. ಊದಿದ ನಾಳ ಒಡೆದರೆ ಜೀವಕ್ಕೇ ಅಪಾಯವಂತೆ. ಆ ರಾತ್ರಿ ಮಗಳು ನನ್ನ ಪಕ್ಕದಲ್ಲೇ ಮಲಗಿದಳು. ಕೈ ಹೊಟ್ಟೆಯ ಮೇಲೆ ಇಡಲು ನನಗೇ ಭಯ.

ಸ್ಕ್ಯಾನಿಂಗಿಗೂ ಖಾಲಿ ಹೊಟ್ಟೆಯೇ ಬೇಕು. ಗಾಳಿ ತುಂಬಿದ್ದರೆ ನಾಳ ಕಾಣುವುದಿಲ್ಲವಂತೆ. ಮಗಳಿಗೆ ರಜೆ ಸಿಗಲಿಲ್ಲ, ಜಯಮ್ಮನೇ ಬಂದರು. ಬಿಸಿ ಎಣ್ಣೆಯ ಬದಲು ಇಲ್ಲಿ ಹೊಟ್ಟೆಗೆ ಹಚ್ಚಿದ್ದು ತಣ್ಣನೆಯ ಅಂಟು. ಸ್ಕ್ಯಾನಿಂಗ್ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ.

"ಬಟ್ಟಿ ಎಲ್ಲೈತೆ ನೋಡಿ ಮೇಡಂ," ಎಂದರು ಜಯಮ್ಮ. ನಾನು ನಾಚಿ ಕಣ್ಣು ಮುಚ್ಚಿದೆ.

"ಕಣ್ಣು ಬಿಡಿ ಅಜ್ಜಿ, ತೋರಿಸ್ತೀನಿ. ನೀವು ಬಟ್ಟಿ ಅಂತೀರಲ್ಲ, ಆ ಬಡಿತ ಇದೇ. ಮಹಾಧಮನಿ. ಹೃದಯದಿಂದ ಬಂದು ಬೆನ್ನುಮೂಳೆ ಮುಂದೆ ಇಳಿಯುತ್ತೆ. ಎಲ್ಲರಿಗೂ ಸ್ವಲ್ಪ ಎಡಕ್ಕೇ ಇರೋದು."

"ಎಲ್ರಿಗೂ ಎಡಕ್ಕೇನಾ?" ಎಂದರು ಜಯಮ್ಮ.

"ನನಗೂ ಅಷ್ಟೇ. ಇದರ ಬಲಕ್ಕೆ ಇನ್ನೊಂದಿದೆ ನೋಡಿ, ರಕ್ತ ವಾಪಸ್ ಒಯ್ಯೋ ದೊಡ್ಡ ಅಭಿಧಮನಿ. ಜೋರಾಗಿ ಉಸಿರೆಳ್ಕೊಳಿ."

ಎಳೆದುಕೊಂಡೆ. ಬಲಗಡೆಯದು ಚಪ್ಪಟೆಯಾಯಿತು. ಎಡಗಡೆಯದು ಜಗ್ಗದೆ ಗುಂಡಗೆ ನಿಂತು ಮಿಡಿಯಿತು. ಮೇಲೆ ಪಿತ್ತಜನಕಾಂಗದ ಹತ್ತಿರ ಅದರಿಂದ ಒಂದು ಕವಲು ಹೊರಟು, ರೆಕ್ಕೆ ಬಿಚ್ಚಿದ ಹಕ್ಕಿಯಂತೆ ಎರಡು ಕಡೆಗೆ ಚಾಚಿತ್ತು. ಅದರ ಕೆಳಗಿನ ಕವಲು ಕರುಳಿಗೆ, ಪಕ್ಕದವು ಮೂತ್ರಪಿಂಡಗಳಿಗೆ ಎಂದು ಡಾಕ್ಟರು ತೋರಿಸಿದರು. ಹೊಕ್ಕುಳ ಹತ್ತಿರ ಬರುತ್ತಲೇ ಧಮನಿ ಎರಡಾಗಿ ಒಡೆದು ಒಂದೊಂದು ಕಾಲಿಗೆ ಹೋಯಿತು. ನಿಮ್ಮಪ್ಪ ತೋಟದಲ್ಲಿ ನೀರು ಕವಲು ಮಾಡುತ್ತಾನಲ್ಲ, ಹಾಗೆ.

ಆಮೇಲೆ ಡಾಕ್ಟರು ಒಂದೇ ಕಡೆ ಮತ್ತೆ ಮತ್ತೆ ಅಳೆದರು. ಜಯಮ್ಮ ನನ್ನ ಕೈ ಹಿಡಿದುಕೊಂಡರು.

"ಇಲ್ಲಿ ಸ್ವಲ್ಪ ಅಗಲ ಇದೆ ಅಜ್ಜಿ. ಊತ ಅನ್ನುವಷ್ಟಿಲ್ಲ. ಸೊರಗಿರೋದ್ರಿಂದ ಬಡಿತ ಕೈಗೆ ಸಿಗ್ತಿದೆ. ಬಿಪಿ ಮಾತ್ರೆ ಬಿಡಬೇಡಿ, ಕರೆದಾಗ ಬಂದು ತೋರಿಸಿ. ಹೊಟ್ಟೆ ಮಾತ್ರ ಯಾರ ಕೈಲೂ ತಿಕ್ಕಿಸ್ಬೇಡಿ."

"ಊಟ ಮಾಡ್ಬೌದಾ?" ಎಂದು ಕೇಳಿದೆ. ಊರು ಬಿಟ್ಟು ಬಂದ ಮೇಲೆ ಹೊರಗಿನವರ ಮುಂದೆ ನಾನಾಗಿ ಕೇಳಿದ ಮೊದಲ ಮಾತು ಅದು.

"ಮಾಡ್ಲೇಬೇಕು."

ಈಗ ಮಧ್ಯಾಹ್ನ ಜಯಮ್ಮನ ಮನೆಯಲ್ಲೋ ನಮ್ಮ ಮನೆಯಲ್ಲೋ ಇಬ್ಬರಿಗೆ ಮುದ್ದೆ ಬೇಯುತ್ತದೆ. ಗುಬ್ಬಿಯ ಸಾರಿಗೆ ಕಾಯಿ ಜಾಸ್ತಿ, ನಮ್ಮದಕ್ಕೆ ಹುಳಿ ಜಾಸ್ತಿ ಎಂದು ದಿನವೂ ವಾದ.

ದಸರಾ ರಜೆಗೆ ಬರುತ್ತೇನೆ. ರಂಗಜ್ಜಿಯ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತೇನೆ, ಹೊಟ್ಟೆ ಮಾತ್ರ ಮುಟ್ಟಿಸುವುದಿಲ್ಲ. ಅವಳಿಗೆ ಬೇಜಾರಾಗುತ್ತದೆ, ನನಗೂ ಆಗುತ್ತದೆ. ಇಲ್ಲಿರುವಾಗ ಊರಿಗೆ ಹೋಗಬೇಕು ಎನ್ನುತ್ತೇನೆ. ಹೋದ ಸಲ ಊರಿನಲ್ಲಿದ್ದಾಗ ಮನೆಗೆ ಹೋಗಬೇಕು ಎಂದುಬಿಟ್ಟೆ, ನಿಮ್ಮಮ್ಮ ನನ್ನ ಮುಖ ನೋಡಿದಳು. ಯಾವುದು ತಪ್ಪು ಎಂದು ನನಗೆ ಗೊತ್ತಿಲ್ಲ.

ನಾನು ನೋಡಿದ ನಾಳಗಳ ಚಿತ್ರವನ್ನು ಹಾಳೆಯ ಹಿಂಬದಿಯಲ್ಲಿ ನನಗೆ ಬಂದಂತೆ ಬರೆದಿದ್ದೇನೆ. ರಂಗಜ್ಜಿಯ ಹತ್ತಿರ ಹೊಟ್ಟೆ ಬಡಿಯುತ್ತದೆ ಎಂದು ವಯಸ್ಸಾದವರು ಬಂದರೆ, ತಿಕ್ಕುವ ಮೊದಲು ಅವಳಿಗೆ ಇದನ್ನು ಓದಿ ಹೇಳಿ. ಅವಳಿಗೆ ಅಕ್ಷರ ಬರುವುದಿಲ್ಲ, ಆದರೆ ಚಿತ್ರ ನೋಡಿದರೆ ತಿಳಿದುಕೊಳ್ಳುತ್ತಾಳೆ. ಅಲ್ಲಿಯವರೆಗೆ ಈ ಹಾಳೆಗಳು ಒದ್ದೆಯಾಗದಂತೆ, ಹರಿಯದಂತೆ ಇಟ್ಟುಕೊಂಡಿರಿ ಮಕ್ಕಳೇ.